ಗೆರೆಯವಳು, ನೀರಿನವಳು

ಜಿಂಗ್‌ದೆಝೆನ್
ಮಾರ್ಚ್ 3, 1985

ಲಿಯಾಂಡಿ,

ನೀನಿನ್ನೂ ಬದುಕಿದ್ದೀಯ ಎಂದು ನಿನ್ನ ಚಿಕ್ಕಮ್ಮ ಮೊನ್ನೆ ತರಕಾರಿ ಸಂತೆಯಲ್ಲಿ ಹೇಳಿದಳು. ಗುವಾಂಗ್‌ಝೌನಲ್ಲಿ ದೊಡ್ಡ ಹೋಟೆಲಿನಲ್ಲಿ ಕೆಲಸವಂತೆ, ವಿದೇಶದವರ ಜೊತೆ ಓಡಾಟವಂತೆ. ಆಗಲಿ. ನಾಲ್ಕು ವರ್ಷದಲ್ಲಿ ಒಂದು ಸಾಲು ಬರೆಯದವಳಿಗೆ ನಾನಾಗಿ ಬರೆಯುತ್ತಿದ್ದೇನೆ. ಇದನ್ನು ಪ್ರೀತಿ ಎಂದು ತಿಳಿದು ಉಬ್ಬಿಹೋಗಬೇಡ. ಕೆಲಸವಿದೆ.

ವಿಷಯ ಇಷ್ಟು. ಶರತ್ಕಾಲಕ್ಕೆ ಪ್ರಾಂತ್ಯದಿಂದ ಒಂದು ಸಮಿತಿ ಬರುತ್ತದೆ. ಪಿಂಗಾಣಿಗೆ ಚಿತ್ರ ಬರೆಯುವವರಲ್ಲಿ ಕೆಲವರನ್ನು ಆರಿಸಿ ‘ಕರಕುಶಲ ಗುರು’ ಎಂಬ ಬಿರುದು ಕೊಡುತ್ತದೆ. ಬಿರುದು ಬಂದವರಿಗೆ ಕಾರ್ಖಾನೆಯಲ್ಲೇ ಸ್ವಂತ ಕೋಣೆ, ಕೈ ನಡೆಯುವವರೆಗೂ ಕೆಲಸ. ಬರದವರು ಐವತ್ತೈದಕ್ಕೆ ಮನೆಗೆ. ನನಗೆ ಈ ಡಿಸೆಂಬರಿಗೆ ಐವತ್ತೈದು. ನನ್ನ ಮೇಜಿನ ಜಾಗದಲ್ಲಿ ಅಚ್ಚು ಹಾಕಿದ ಹೂವಿನ ಕಾಗದ ಅಂಟಿಸುವವರನ್ನು ಕೂರಿಸಬೇಕೆಂದು ನಮ್ಮ ವಿಭಾಗದ ಮುಖ್ಯಸ್ಥ ಫಾನ್ ಈಗಲೇ ಅಳತೆ ಟೇಪು ಹಿಡಿದು ಓಡಾಡುತ್ತಿದ್ದಾನೆ. ಹದಿನಾರನೆಯ ವಯಸ್ಸಿನಿಂದ ಗೆರೆ ಎಳೆದವಳು ನಾನು. ಮನೆಗೆ ಹೋಗಿ ಏನು ಮಾಡಲಿ, ಮೂಲಂಗಿ ಒಣಗಿಸಲೇ?

ಪರೀಕ್ಷೆಗೆ ಮೊಣಕಾಲೆತ್ತರದ ಒಂದು ಹೂದಾನಿ. ಸುಡದ ಹಸಿ ಮೈಯ ಮೇಲೆ ನೀಲಿ ಚಿತ್ರ ಬರೆಯಬೇಕು. ಸಮಿತಿಯವರ ಎದುರಿಗೇ ಬರೆಯಬೇಕು. ಗೆರೆಯೂ ನಾವೇ ಎಳೆಯಬೇಕು, ಬಣ್ಣವೂ ನಾವೇ ತುಂಬಬೇಕು. ನಮ್ಮೂರಿನ ಪದ್ಧತಿಯ ಗಂಧಗಾಳಿ ಇಲ್ಲದ ಯಾವನೋ ಕಚೇರಿಯವನು ಬರೆದ ನಿಯಮ. ಗೆರೆಯವರು ತುಂಬಬಾರದು, ತುಂಬುವವರು ಗೆರೆ ಎಳೆಯಬಾರದು ಎಂದು ನಮ್ಮ ಝಾನ್ ಮೇಷ್ಟ್ರು ನಮ್ಮಿಬ್ಬರ ಬೆರಳಿಗೂ ಬೆತ್ತದಲ್ಲಿ ಬಾರಿಸಿ ಕಲಿಸಿದ್ದು ಅವನಿಗೇನು ಗೊತ್ತು?

ತುಂಬುವುದೇನು ಬ್ರಹ್ಮವಿದ್ಯೆಯಲ್ಲ. ಗೆರೆಯ ಬೇಲಿಯೊಳಗೆ ನೀರು ಬಿಡುವುದು. ಮೇಜು ಒರೆಸಲು ಬಂದವಳಿಗೆ ಅದೂ ಬಂದೇ ಬರುತ್ತದೆ. ಆದರೂ ಒಂದು ಸಣ್ಣ ವಿಷಯ ಕೇಳಬೇಕಿತ್ತು. 81ರ ಪ್ರದರ್ಶನಕ್ಕೆ ಹೋದ ನಮ್ಮ ಹೊಳೆಯ ಹೂದಾನಿಯಲ್ಲಿ, ದೋಣಿಯ ಆಚೆಗೆ ತೀರಾ ತೆಳುವಾದ ಒಂದು ನೀರಿತ್ತಲ್ಲ, ಅದಕ್ಕೆ ನೀನು ಬಣ್ಣ ಎಷ್ಟು, ಚಹಾ ಕಷಾಯ ಎಷ್ಟು ಬೆರೆಸುತ್ತಿದ್ದೆ? ಮರುಟಪಾಲಿಗೆ ಬರೆ.

ಯು ಬಾವೊಲಿಂಗ್


ಗುವಾಂಗ್‌ಝೌ
ಮಾರ್ಚ್ 27, 1985

ಬಾವೊಲಿಂಗ್ ಅಕ್ಕ,

ಅಕ್ಕ ಎಂದದ್ದು ಬರೀ ಅಭ್ಯಾಸಬಲ, ತಪ್ಪು ತಿಳಿಯಬೇಡ.

ನಿನ್ನ ಕಾಗದ ಓದಿ ಬಿದ್ದು ಬಿದ್ದು ನಕ್ಕೆ. ಇಪ್ಪತ್ತೆರಡು ವರ್ಷ ಒಂದೇ ಮೇಜಿನ ಆಚೆ ಈಚೆ ಕೂತವರು ನಾವು. ನಡುವೆ ಮೂರಡಿ. ಒಂದೇ ಒಂದು ಸಲ ತಲೆಯೆತ್ತಿ ನನ್ನ ಬಟ್ಟಲಿನ ಕಡೆ ನೋಡಿದ್ದರೆ ಈಗ ಇಷ್ಟು ದೂರಕ್ಕೆ ಅಂಚೆಚೀಟಿ ಅಂಟಿಸುವ ಗತಿ ಬರುತ್ತಿರಲಿಲ್ಲ. ಗೆರೆ ಎಳೆದು ಮುಗಿಸಿದ ಹೂದಾನಿಯನ್ನು ನನ್ನತ್ತ ತಳ್ಳಿ ಏನು ಹೇಳುತ್ತಿದ್ದೆ, ನೆನಪಿದೆಯೇ? “ತಗೊಳ್ಳೇ, ತೊಳಿ.” ಪ್ರತಿ ಸಲವೂ ಅದೇ ಮಾತು. ಪಕ್ಕದ ಮೇಜಿನವರೆಲ್ಲ ಕಿಸಕ್ಕೆಂದು ನಗುತ್ತಿದ್ದರು. ನಾನೂ ನಗುತ್ತಿದ್ದೆ, ಅದೇ ನನ್ನ ಮುಠ್ಠಾಳತನ.

81ರ ಪ್ರದರ್ಶನದ ಮಾತು ನೀನೇ ತೆಗೆದಿದ್ದೀಯ, ಒಳ್ಳೆಯದಾಯಿತು. ಹೂದಾನಿಯ ಕೆಳಗೆ ಚೀಟಿ ಇತ್ತು. ‘ಚಿತ್ರ: ಯು ಬಾವೊಲಿಂಗ್.’ ಅಷ್ಟೇ. ನಾನು ಬಸ್ಸಿನಲ್ಲಿ ಆರು ಗಂಟೆ ಕೂತು ಹೋಗಿ ನೋಡಿದ್ದು ಆ ಚೀಟಿಯನ್ನು. ಮರುದಿನ ಊಟದ ಹೊತ್ತಿನಲ್ಲಿ ನಿನ್ನನ್ನು ಕೇಳಿದೆ, “ಅಕ್ಕಾ, ನನ್ನ ಹೆಸರೆಲ್ಲಿ?” ನೀನು ಖಾರದ ತಣ್ಣನೆ ಶಾವಿಗೆಯನ್ನು ಸೊರ್ರನೆ ಎಳೆದುಕೊಳ್ಳುತ್ತಾ, “ಚೀಟೀಲಿ ಜಾಗ ಸಾಲ್ಲಿಲ್ವೇನೋ ಕಣೆ, ಅದಕ್ಕೆಲ್ಲ ಯಾರಾದ್ರೂ ಅಳ್ತಾರಾ?” ಅಂದೆ. ಹು ಲಿಯಾಂಡಿ. ನಮ್ಮ ಲಿಪಿಯಲ್ಲಿ ಬರೆದರೆ ಮೂರೇ ಅಕ್ಷರ. ಮುಂದಿನದಾದರೂ ಗಂಡಾಗಲಿ ಎಂದು ನನ್ನಪ್ಪ ಇಟ್ಟ ಹೆಸರು. ಹೆತ್ತವನಿಗೇ ಬೇಡವಾಗಿದ್ದ ಹೆಸರು ನಿನಗೆ ಯಾಕೆ ಬೇಕಾಗುತ್ತದೆ, ಬಿಡು. ನನ್ನ ಗಂಡನಿಗೆ ಈ ಕಡೆ ರೈಲ್ವೆ ವರ್ಗ ಸಿಕ್ಕಿದಾಗ ಊರಿನವರೆಲ್ಲ ಅಯ್ಯೋ ಅಂದರು. ನಾನು ಒಂದೇ ದಿನದಲ್ಲಿ ಗಂಟು ಕಟ್ಟಿದೆ.

ಇಲ್ಲಿ ಹೋಟೆಲಿನ ಕೆಳಮಹಡಿಯಲ್ಲಿ ಪಿಂಗಾಣಿ ಅಂಗಡಿ ಇದೆ. ಅದರ ಉಸ್ತುವಾರಿ ನನ್ನದು. ವಿದೇಶದವರು ಹೂದಾನಿಯ ಮುಂದೆ ಗಂಟೆಗಟ್ಟಲೆ ನಿಲ್ಲುತ್ತಾರೆ. ನೀರನ್ನು ನೋಡುತ್ತಾರೆ, ಮಂಜನ್ನು ನೋಡುತ್ತಾರೆ. ದೋಣಿಯ ಗೆರೆ ಎಷ್ಟು ನೆಟ್ಟಗಿದೆ ಎಂದು ಈವರೆಗೆ ಒಬ್ಬನೂ ಕೇಳಿಲ್ಲ.

ಅಳತೆ ಹೇಳುವುದಿಲ್ಲ. ಮೇಜು ಒರೆಸಲು ಯಾರು ಬರುತ್ತಾರೋ ಅವರನ್ನೇ ಕೇಳು.

ಲಿಯಾಂಡಿ


ಜಿಂಗ್‌ದೆಝೆನ್
ಮೇ 18, 1985

ಲಿಯಾಂಡಿ,

ನಿನ್ನ ಕಾಗದವನ್ನು ಒಲೆಗೆ ಹಾಕಿದ್ದೆ. ಬೆಂಕಿಗೂ ರುಚಿಸಲಿಲ್ಲವೇನೋ, ಅರ್ಧ ಉಳಿಯಿತು.

ಒಂದು ಚೀಟಿಯನ್ನು ನಾಲ್ಕು ವರ್ಷ ಹೊಟ್ಟೆಯಲ್ಲಿಟ್ಟುಕೊಂಡು ಹುಳಿ ಬರಿಸಿದ್ದೀಯಲ್ಲ, ನಿನ್ನ ಗಂಡ ಹೇಗೆ ಬಾಳುತ್ತಾನೋ. ಆ ಚೀಟಿ ಬರೆದವನು ಫಾನ್. ನನಗೆ ಅದರ ಸುದ್ದಿಯೇ ಗೊತ್ತಿರಲಿಲ್ಲ. ಗೊತ್ತಿದ್ದರೂ ಏನಂತೆ? ಮದುವೆ ಊಟವಾದ ಮೇಲೆ ಪಾತ್ರೆ ತೊಳೆದವಳ ಹೆಸರನ್ನು ಯಾರಾದರೂ ಕೂಗುತ್ತಾರೆಯೇ?

ನಿನ್ನ ಹಂಗಿಲ್ಲದೆ ಆಗುತ್ತದೆ ಎಂದು ಆರು ಹಸಿ ಮಣ್ಣಿನ ಬಿಲ್ಲೆಗಳ ಮೇಲೆ ನಾನೇ ಹೊಳೆ ತುಂಬಿದೆ. ಒಂದಕ್ಕೆ ಒಂದು ಚಹಾದಿಂದ ಹಿಡಿದು ಒಂದಕ್ಕೆ ಮೂರರವರೆಗೆ ಬೆರೆಸಿ ನೋಡಿದೆ. ಆರೂ ಮಸಿ. ಸುಡುವ ಮುಂಚೆ ಎಲ್ಲ ಒಂದೇ ಬೂದುಬಣ್ಣ, ಯಾವುದು ನೀಲಿಯಾಗುತ್ತದೆ ಯಾವುದು ಕಾಡಿಗೆಯಾಗುತ್ತದೆ ಎಂದು ಸುಡುವ ಗೂಡಿನಿಂದ ಹೊರಗೆ ಬಂದ ಮೇಲೇ ತಿಳಿಯುವುದು. ಇದೊಂದು ಹಾಳು ವಿದ್ಯೆ, ಕುರುಡರಿಗೆ ಹೇಳಿಮಾಡಿಸಿದ್ದು. ಗೆರೆಯಲ್ಲಾದರೆ ಎಳೆದದ್ದು ಅಲ್ಲೇ ಕಣ್ಣಿಗೆ ಕಾಣುತ್ತದೆ. ನಿನ್ನ ಜಾಗಕ್ಕೆ ಬಂದವಳು ಸೋಯಾ ರಸ ಸುರಿದ ಹಾಗೆ ತುಂಬುತ್ತಾಳೆ. ಅವಳನ್ನು ಕೇಳಿದೆ, “ಎಷ್ಟು ಚಹಾ ಹಾಕ್ತೀಯೆ?” “ಏನೋ ಅಂದಾಜಿಗೆ ಹಾಕ್ತೀನಕ್ಕಾ.” ಅಂದಾಜಂತೆ!

ಇನ್ನೊಂದು ಬಿಲ್ಲೆ ಸುಡೋಣವೆಂದರೆ ಗೂಡಿನ ಕಮಾನು ಸಡಿಲವಾಗಿ ನಾಳೆಯಿಂದ ರಿಪೇರಿ. ಬೇರೆ ಕಾರ್ಖಾನೆಯ ಗೂಡಿನಲ್ಲಿ ಇಡೋಣವೆಂದರೆ ಅಲ್ಲಿಯವರೂ ಬಿರುದಿಗೆ ನಿಂತಿದ್ದಾರೆ, ಬಾಗಿಲ ಹತ್ತಿರವೂ ಬಿಡುವುದಿಲ್ಲ. ಸಮಿತಿಯೋ ಶರತ್ಕಾಲಕ್ಕೆ ಬರುವುದು ಬಿಟ್ಟು ಜೂನ್ 24ಕ್ಕೇ ಬರುತ್ತದಂತೆ. ಅಂದರೆ ಮುಂದಿನ ಸಲ ಗೂಡು ಹೊತ್ತುವುದು ನನ್ನ ಪರೀಕ್ಷೆಯ ಹೂದಾನಿಗೇ.

ನಾನು ಬೇಡಲಿ ಎಂದು ಕಾಯುತ್ತಿದ್ದೀಯ. ಬೇಡುವುದಿಲ್ಲ. ಹೇಳುವುದಾದರೆ ಹೇಳು. ಇಲ್ಲವಾದರೆ ಫಾನ್‌ನ ಟೇಪು ಗೆದ್ದಿತು ಎಂದು ನಿನ್ನ ವಿದೇಶದವರ ಜೊತೆ ಕೂತು ಚಹಾ ಕುಡಿ.

ಬಾವೊಲಿಂಗ್


ಗುವಾಂಗ್‌ಝೌ
ಜೂನ್ 8, 1985

ಬಾವೊಲಿಂಗ್ ಅಕ್ಕ,

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ತುಂಬಲಾರದವಳು ಅದನ್ನು ಕುರುಡರ ವಿದ್ಯೆ ಅನ್ನುತ್ತಿದ್ದಾಳೆ.

ಬರೆದುಕೋ. ಎರಡನೆಯ ಸಲ ಹೇಳುವುದಿಲ್ಲ.

ಆಚೆಯ ನೀರಿಗೆ ಒಂದು ಚಮಚ ಬಣ್ಣಕ್ಕೆ ಒಂಬತ್ತು ಚಮಚ ಚಹಾ. ಬಲಿತ ಎಲೆಯ ಕಷಾಯ, ಹಿಂದಿನ ದಿನವೇ ಕುದಿಸಿ ಆರಿಸಿಟ್ಟದ್ದು. ಚಹಾ ತೆಳುವಾದರೆ ಬಣ್ಣ ತಳಕ್ಕೆ ಕೂತುಬಿಡುತ್ತದೆ. ಹೂದಾನಿಯನ್ನು ಮಡಿಲಲ್ಲಿ ಮಲಗಿಸಿಕೋ. ದಪ್ಪ ಕುಂಚ, ಅದೇ ಕೋಳಿತಲೆಯ ಹಾಗಿರುತ್ತದಲ್ಲ ಅದು, ತುಳುಕುವಷ್ಟು ತುಂಬಿಕೋ. ಕೂದಲು ಮೈಗೆ ತಾಗಬಾರದು. ಕುಂಚದ ತುದಿಯಲ್ಲಿ ತೂಗುವ ನೀರು ಮಾತ್ರ ತಾಗಬೇಕು. ಎಳೆಯಬೇಡ, ತಳ್ಳಬೇಡ. ನೀರು ತಾನೇ ಮುಂದೆ ಹೋಗುತ್ತದೆ, ನೀನು ಅದರ ಹಿಂದೆ ಹೋಗು. ಇದು ನಿನಗೆ ಕಷ್ಟ. ಹುಟ್ಟಿದಾಗಿನಿಂದ ಯಾರ ಹಿಂದೆಯೂ ಹೋದವಳಲ್ಲ ನೀನು. ಎಲ್ಲೂ ನಿಲ್ಲಬೇಡ. ಹಸಿ ಮೈ ಬಾಯಾರಿದ ಎಮ್ಮೆ, ನಿಂತ ಕಡೆಯಲ್ಲೆಲ್ಲ ಕುಡಿದು ಕಲೆ ಮಾಡುತ್ತದೆ.

ಮುಗಿದ ಮೇಲೆ ನೋಡಿದರೆ ಏನೂ ಕಾಣುವುದಿಲ್ಲ. ಒದ್ದೆ ಬಟ್ಟೆಯಲ್ಲಿ ಒಮ್ಮೆ ಒರೆಸಿದ ಹಾಗಿರುತ್ತದೆ, ಅಷ್ಟೇ. ಇನ್ನೊಂದು ಕೈ ಹಾಕು ಎಂದು ಕಣ್ಣು ಪೀಡಿಸುತ್ತದೆ. ಹಾಕಬೇಡ. ಉಳಿದದ್ದು ಬೆಂಕಿಯ ಕೆಲಸ.

ಇವಳು ಯಾಕೆ ಹೇಳಿದಳು ಎಂದು ತಲೆ ಕೆಡಿಸಿಕೊಳ್ಳಬೇಡ. ಕಾರಣ ಇದೆ, ನಿನಗೆ ರುಚಿಸುವಂಥದ್ದಲ್ಲ.

ಲಿಯಾಂಡಿ


ಜಿಂಗ್‌ದೆಝೆನ್
ಜೂನ್ 27, 1985

ಲಿಯಾಂಡಿ, ನನ್ನ ಜಾಣೆ,

ನಿನ್ನ ಕಾಗದ 22ನೆಯ ತಾರೀಕು ಕೈಸೇರಿತು. ಮೂರು ಸಲ ಓದಿದೆ. ಮೊದಲ ಸಲ ಓದಿದಾಗ, ನಿಜ ಹೇಳುತ್ತೇನೆ, ಕಣ್ಣು ಒದ್ದೆಯಾಯಿತು. ಪರವಾಗಿಲ್ಲ, ಇವಳಿಗೂ ಕರುಳಿದೆ ಅಂದುಕೊಂಡೆ. ಮೂರನೆಯ ಸಲ ಓದಿದಾಗ ನಗು ಬಂತು. ನನ್ನ ಕಿವಿಯ ಮೇಲೆ ಹೂವಿಡಲು ಹೊರಟಿದ್ದೀಯಲ್ಲೇ!

ಒಂದಕ್ಕೆ ಒಂಬತ್ತು! ಅದು ಬಣ್ಣವೇ, ಲೋಟ ತೊಳೆದ ನೀರೇ? ಸುಟ್ಟು ಹೊರಗೆ ಬಂದಾಗ ಹೊಳೆ ಇರಬೇಕಾದ ಕಡೆ ಬರೀ ಬಿಳಿ ಬಟ್ಟಬಯಲು ಇರುತ್ತದೆ, ದೋಣಿ ಆಕಾಶದಲ್ಲಿ ನೇತಾಡುತ್ತದೆ, ಸಮಿತಿಯವರು ಹೊಟ್ಟೆ ಹಿಡಿದುಕೊಂಡು ನಗುತ್ತಾರೆ. ಅದೇ ತಾನೇ ನಿನ್ನ ಲೆಕ್ಕ? ‘ಏನೂ ಕಾಣುವುದಿಲ್ಲ, ಇನ್ನೊಂದು ಕೈ ಹಾಕಬೇಡ’ ಎಂದು ಮುಂಚೆಯೇ ಬಾಯಿಗೆ ಬೀಗ ಬೇರೆ ಹಾಕಿದ್ದೀಯ. ಮಾರ್ಚಿನಲ್ಲಿ ಸತ್ತರೂ ಹೇಳುವುದಿಲ್ಲ ಅಂದವಳು ಜೂನಿನಲ್ಲಿ ಚಮಚದ ಸಮೇತ ಹೇಳಿದರೆ ಯಾರು ನಂಬುತ್ತಾರೆ?

ನಾನು ಒಂದಕ್ಕೆ ನಾಲ್ಕೇ ಚಹಾ ಹಾಕಿದೆ. ಅಷ್ಟಕ್ಕೇ ಮೈಯ ಮೇಲೆ ನೆಟ್ಟಗೆ ಏನೂ ಕಾಣಲಿಲ್ಲ, ಮೇಲೆ ಇನ್ನೊಂದು ಕೈಯನ್ನೂ ಹಾಕಿದೆ. ಗೆರೆಯಂತೂ ಕೇಳಬೇಡ. ದೋಣಿ, ದಡದ ಜೊಂಡು, ಬಲೆ ಬೀಸುವವನ ಮೊಣಕೈ, ಒಂದು ಕಡೆಯೂ ಕೈ ನಡುಗಲಿಲ್ಲ. ಸಮಿತಿಯ ಅಧ್ಯಕ್ಷರು ಕನ್ನಡಕದ ಮುದುಕರು. ಪಕ್ಕಕ್ಕೆ ಬಂದು ಬಗ್ಗಿ ನೋಡಿ ಕೇಳಿದರು, “ತುಂಬೋದನ್ನ ಯಾರ ಹತ್ರ ಕಲಿತ್ರಿ ತಾಯಿ?”

“ಯಾರ ಹತ್ರಾನೂ ಇಲ್ಲ ಸ್ವಾಮಿ. ನೋಡ್ತಾ ನೋಡ್ತಾ ಬಂತು,” ಅಂದೆ.

ಹೂದಾನಿ ಗೂಡಿನಲ್ಲಿದೆ. ನಾಳಿದ್ದು ಬಾಗಿಲು ತೆಗೆಯುತ್ತಾರೆ. ಅಷ್ಟರೊಳಗೆ ನಿನಗೆ ಕೃತಜ್ಞತೆ ಹೇಳಿಬಿಡೋಣ ಎಂದು ಬರೆದೆ. ನೀನು ಹೇಳಿದ್ದನ್ನು ತಿರುಗುಮುರುಗು ಮಾಡಿದರೆ ಸರಿಹೋಗುತ್ತದೆ ಎಂದು ತೋರಿಸಿಕೊಟ್ಟೆಯಲ್ಲ, ಅದಕ್ಕೆ.

ಬಾವೊಲಿಂಗ್


ಗುವಾಂಗ್‌ಝೌ
ಜುಲೈ 9, 1985

ಬಾವೊಲಿಂಗ್,

ನಿನ್ನ ಕಾಗದವನ್ನು ಅಂಗಡಿಯ ಹಿಂದೆ, ಹುಲ್ಲು ತುಂಬಿದ ಪೆಟ್ಟಿಗೆಯ ಮೇಲೆ ಕೂತು ಓದಿದೆ. ಓದಿ ಮುಗಿಸಿದ ಮೇಲೂ ಅದನ್ನು ಮತ್ತೆ ಮತ್ತೆ ಮಡಚಿ ಬಿಚ್ಚುತ್ತಿದ್ದೆ. ಜೊತೆಯವಳು, “ಯಾರಾದ್ರೂ ಹೋಗ್ಬಿಟ್ರಾ?” ಅಂದಳು. “ಹೂಂ, ಒಂದು ಹೊಳೆ ಹೋಯ್ತು,” ಅಂದೆ.

ಗೂಡಿನಿಂದ ಏನು ಬಂತು ಎಂದು ನೀನು ಬರೆಯಬೇಕಾಗಿಲ್ಲ, ಇಲ್ಲಿಂದಲೇ ಕಾಣುತ್ತಿದೆ. ಮಸಿ. ಎರಡನೆಯ ಕೈ ಹಾಕಿದ ಕಡೆ ತುಕ್ಕಿನ ಹಾಗೆ ಕರಿಚುಕ್ಕೆ. ನಿನ್ನ ಅಷ್ಟು ಹೆಮ್ಮೆಯ ಗೆರೆಯೆಲ್ಲ ಅದರೊಳಗೆ ಮುಳುಗಿರಬೇಕು. ಹೌದೋ ಅಲ್ಲವೋ?

ಒಂಬತ್ತು ನಿಜ ಕಣೇ. ಇಪ್ಪತ್ತೆರಡು ವರ್ಷ ನಿನ್ನ ಮೂಗಿನ ಕೆಳಗೇ ದಿನಾ ಬೆರೆಸಿದ ಒಂಬತ್ತು ಅದು.

ಯಾಕೆ ಹೇಳಿದೆ ಎಂದು ಈಗ ಹೇಳುತ್ತೇನೆ. ಕರುಳಿನಿಂದಲ್ಲ, ಆ ಸುಖ ನಿನಗೆ ಬೇಡ. ನಾನು ಹೇಳಿದ ಹಾಗೆ ಮಾಡಿ ಗೆದ್ದಿದ್ದರೆ ಪೇಪರಿನಲ್ಲಿ ನಿನ್ನ ಫೋಟೊ ಬರುತ್ತಿತ್ತು. ಪಕ್ಕದಲ್ಲಿ ಹೂದಾನಿ. ಎಲ್ಲರೂ ಆ ನೀರು ನೋಡಿ ಆಹಾ ಅನ್ನುತ್ತಿದ್ದರು. ನೀನು ಹಲ್ಲು ಬಿಟ್ಟುಕೊಂಡು ನಿಲ್ಲುತ್ತಿದ್ದೆ. ಅದರಲ್ಲಿ ಒಂದು ಹನಿಯೂ ನಿನ್ನದಲ್ಲ ಎಂದು ಈ ಭೂಮಿಯ ಮೇಲೆ ಇಬ್ಬರಿಗೆ ಗೊತ್ತಿರುತ್ತಿತ್ತು, ನಿನಗೆ ಮತ್ತು ನನಗೆ. ಸಾಯುವವರೆಗೂ ಆ ಬಿರುದನ್ನು ನೀನು ನನ್ನ ಕೈಯಿಂದ ಉಣ್ಣಬೇಕಾಗಿತ್ತು. ಅದು ನನಗೆ ಬೇಕಿತ್ತು. ಸುಳ್ಳು ಹೇಳಬೇಕಾದರೆ ಎದುರಿಗಿರುವವರ ಬಗ್ಗೆ ಒಂದಿಷ್ಟಾದರೂ ಭಯ, ಮರ್ಯಾದೆ ಇರಬೇಕು. ನಿನ್ನ ಮೇಲೆ ನನಗೆ ಅಷ್ಟೂ ಇರಲಿಲ್ಲ.

ಅಂಗಡಿಯ ಉಸ್ತುವಾರಿ ನನ್ನದು ಎಂದು ಬರೆದಿದ್ದೆ. ಬಡಾಯಿ. ಬೆಳಿಗ್ಗೆ ಎಂಟಕ್ಕೆ ಬಂದು ಹೂದಾನಿಗಳ ಧೂಳು ಒರೆಸುತ್ತೇನೆ. ಯಾರದೋ ಗೆರೆ, ಯಾರದೋ ನೀರು, ನನ್ನದು ಬಟ್ಟೆ. ಕುಂಚ ಹಿಡಿದು ನಾಲ್ಕು ವರ್ಷವಾಯಿತು. ಇಲ್ಲಿ ಹಸಿ ಮಡಕೆಯೂ ಇಲ್ಲ, ಗೂಡೂ ಇಲ್ಲ. ನನ್ನ ನೀರು ಇನ್ನೊಂದು ಸಲ ಬೆಂಕಿಯಿಂದ ಹೊರಗೆ ಬರುವುದಾದರೆ ಅದು ನಿನ್ನ ಕೈಯಿಂದಲೇ ಬರಬೇಕಿತ್ತು. ನಿನ್ನಂಥವಳ ಕೈಯಿಂದ! ಅದಕ್ಕೂ ನಾನು ಒಪ್ಪಿದ್ದೆ. ನೀನು ಅದಕ್ಕೂ ಲಾಯಕ್ಕಾಗಲಿಲ್ಲ.

ಇನ್ನು ಬರೆಯಬೇಡ.

ಹು ಲಿಯಾಂಡಿ


ಜಿಂಗ್‌ದೆಝೆನ್
ಸೆಪ್ಟೆಂಬರ್ 20, 1985

ಲಿಯಾಂಡಿ,

ಬರೆಯಬೇಡ ಅಂದಿದ್ದೆ. ಎರಡು ತಿಂಗಳು ನಿನ್ನ ಮಾತು ಕೇಳಿದೆ, ನನ್ನ ಜನ್ಮದಲ್ಲಿ ಅದೇ ಹೆಚ್ಚು.

ನೀನು ಹೇಳಿದ ಹಾಗೆಯೇ ಬಂತು. ಮಸಿ, ಅದರ ಮೇಲೆ ಕರಿಚುಕ್ಕೆ. ಜೊಂಡು ಇಲ್ಲ, ದಡ ಇಲ್ಲ, ಬಲೆ ಬೀಸುವವನ ಟೋಪಿ ಮಾತ್ರ ಮೇಲೆ ಕಾಣುತ್ತಿತ್ತು. ಗೂಡಿನ ಬಾಗಿಲಲ್ಲಿ ಇಪ್ಪತ್ತು ಜನ ನಿಂತಿದ್ದರು.  ಫಾನ್ ಮುಂದೆ ಬಂದು, “ಚೆನ್ನಾಗಿದೆ ಅಕ್ಕಾ, ಅಮಾವಾಸ್ಯೆ ಹೊಳೆ,” ಅಂದ.

ಅಧ್ಯಕ್ಷರು ನಗಲಿಲ್ಲ. ಚೀಲದಿಂದ ಒಂದು ಫೋಟೊ ತೆಗೆದು ಹೂದಾನಿಯ ಪಕ್ಕ ಇಟ್ಟರು. 81ರ ನಮ್ಮ ಹೊಳೆ. ಆ ನೀರಿನ ಮೇಲೆ ಬೆರಳಿಟ್ಟು, ಸ್ವಂತ ಅಪ್ಪನ ಹಾಗೆ ಮೆಲ್ಲಗೆ ಕೇಳಿದರು, “ಇದನ್ನ ತುಂಬಿದ್ದು ಯಾರು ತಾಯಿ? ಹೆದರ್ಕೋಬೇಡಿ, ಹೇಳಿ.”

“ನಾನೇ,” ಅಂದೆ.

 ಅವರು ಫೋಟೊ ಚೀಲಕ್ಕೆ ಹಾಕಿಕೊಂಡು, “ಹಾಗಾದ್ರೆ ಕೈ ಹೋಯ್ತು. ಪಾಪ, ವಯಸ್ಸು. ಮನೇಲಿ ಆರಾಮಾಗಿರಿ,” ಅಂದರು. ನನ್ನ ಕಡತದಲ್ಲಿ ಈಗ ಹಾಗೆಯೇ ಬರೆದಿದೆ, ಕೈ ಹೋಗಿದೆ ಎಂದು. ಮೇಜನ್ನು ಆಗಸ್ಟಿನಲ್ಲೇ ಎತ್ತಿದರು.

ಇದಿಷ್ಟೇ ಆಗಿದ್ದರೆ ನಾನು ಬರೆಯುತ್ತಿರಲಿಲ್ಲ. ನಿನಗೆ ತಿಳಿಸಿದ ನಿಯಮ ಅರ್ಧ ಮಾತ್ರ. ಒಬ್ಬರೇ ಬಂದರೆ ಎರಡು ಕೆಲಸವನ್ನೂ ಅವರೇ ಮಾಡಬೇಕು. ಜೋಡಿಯಾಗಿ ಕೆಲಸ ಮಾಡಿದವರು ಜೋಡಿಯಾಗಿಯೇ ಬರಬಹುದು, ಊರು ಬಿಟ್ಟು ಹೋಗಿದ್ದರೂ ಕರೆಸಿಕೊಳ್ಳಬಹುದು, ಬಿರುದು ಇಬ್ಬರಿಗೂ, ಕೋಣೆ ಇಬ್ಬರಿಗೂ. ಕಚೇರಿಯವನಿಗೆ ಪದ್ಧತಿ ಗೊತ್ತಿಲ್ಲ ಎಂದು ಬೈದಿದ್ದೆನಲ್ಲ, ಅವನಿಗೆ ಚೆನ್ನಾಗಿ ಗೊತ್ತಿತ್ತು. ಅರ್ಜಿಯಲ್ಲಿ ಎರಡನೆಯ ಹೆಸರಿಗೆ ಜಾಗ ಬಿಟ್ಟಿದ್ದ. ನಾನು ಅಲ್ಲಿ ಒಂದು ಅಡ್ಡಗೆರೆ ಎಳೆದೆ. ನೆಟ್ಟಗೆ ಬಂತು. ಆಮೇಲೆ ಕೂತು ನಿನಗೆ ಮೊದಲ ಕಾಗದ ಬರೆದೆ.

81ರ ಚೀಟಿ ಬರೆದದ್ದು ಫಾನ್ ಎನ್ನುವುದು ನಿಜ. ಬರೆಯುವ ಮುಂಚೆ ನನ್ನನ್ನು ಕೇಳಿದ, “ಹೆಸರು ಒಂದಾ ಎರಡಾ ಅಕ್ಕಾ?” ಒಂದೇ ಸಾಕು ಅಂದವಳು ನಾನು.

ಮೇಜು ಎತ್ತುವ ವಾರ, ಉಳಿದಿದ್ದ ಬಣ್ಣದಲ್ಲಿ ಒಂದು ಚಮಚಕ್ಕೆ ಒಂಬತ್ತು ಚಹಾ ಹಾಕಿ ಒಂದು ಬಿಲ್ಲೆ ತುಂಬಿದೆ. ನೀರಿನ ಹಿಂದೆ ಹೋದೆ. ಏನೂ ಕಾಣಲಿಲ್ಲ. ಎರಡು ಕೈಯನ್ನೂ ತೊಡೆಯ ಕೆಳಗಿಟ್ಟುಕೊಂಡು ಕೂತೆ, ಇನ್ನೊಂದು ಕೈ ಹಾಕಿಬಿಟ್ಟೇನು ಎಂದು. ಗೂಡಿನಿಂದ ಬಂದಾಗ ಅದೇ ನೀರು ಬಂದಿತ್ತು. ಹುಡುಕಿದರೂ ಅದರಲ್ಲಿ ಒಂದು ಗೆರೆ ಇಲ್ಲ. ಗೆರೆ ಬೇಕು ಅಂತಲೂ ಅನ್ನಿಸಲಿಲ್ಲ. ನನಗೆ ಅಲ್ಲೇ ಅಳು ಬಂತು. ಅದನ್ನು ನೋಡಿ ಫಾನ್ ರಜೆ ಕೊಟ್ಟು ಮನೆಗೆ ಕಳಿಸಿದ.

ಸುಳ್ಳು ಹೇಳಲು ಭಯವೋ ಮರ್ಯಾದೆಯೋ ಇರಬೇಕು ಎಂದು ನೀನು ಬರೆದಿದ್ದೆ. ಅದೆಲ್ಲ ಏನೂ ಬೇಡ, ಸುಳ್ಳಿನ ವಿಷಯ ನಿನಗೆ ಗೊತ್ತಿಲ್ಲ, ನನಗೆ ಗೊತ್ತು. ತಾ ಕಳ್ಳ, ಪರರ ನಂಬ ಅನ್ನುತ್ತಾರೆ. ಆ ಜೂನ್ 22ನೆಯ ತಾರೀಕು ನಿನ್ನ ಕಾಗದ ಹಿಡಿದು ಕೂತಾಗ ನಾನು ನಿನ್ನ ಬಗ್ಗೆ ಯೋಚಿಸಲೇ ಇಲ್ಲ. ಇವಳ ಜಾಗದಲ್ಲಿ ನಾನಿದ್ದಿದ್ದರೆ, ಇವಳು ನನ್ನನ್ನು ಹೀಗೆ ಕೇಳಿದ್ದರೆ, ಏನು ಬರೆಯುತ್ತಿದ್ದೆ ಎಂದು ಯೋಚಿಸಿದೆ. ತಪ್ಪು ಅಳತೆ ಬರೆಯುತ್ತಿದ್ದೆ. ಚಮಚದ ಸಮೇತ, ಬಲಿತ ಎಲೆಯ ಸಮೇತ ಬರೆಯುತ್ತಿದ್ದೆ.

ಅದಕ್ಕೇ ನಂಬಲಿಲ್ಲ.

ಯು ಬಾವೊಲಿಂಗ್